ಯಕೃತ್ತಿನ ರಕ್ತಪರೀಕ್ಷೆ: ಒಂದು ಹಾಳೆಯನ್ನು ಓದುವ ಬಗೆ

‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬ ಗಾದೆ ಕನ್ನಡದಲ್ಲಿದೆ. ತೆಲುಗಿನಲ್ಲಿಯೂ ಇದೆ, ಮರಾಠಿಯಲ್ಲಿಯೂ ಇದೆ. ಪೂರ್ವಗ್ರಹವುಳ್ಳವನು ಲೋಕವನ್ನೆಲ್ಲ ತನ್ನ ಬಣ್ಣದಲ್ಲಿಯೇ ಕಾಣುತ್ತಾನೆ ಎಂಬುದಕ್ಕೆ ಮೂರು ನುಡಿಗಳೂ ಒಂದೇ ರೂಪಕವನ್ನು ಹಿಡಿದಿವೆ. ರೂಪಕ ಸೊಗಸಾಗಿದೆ, ವೈದ್ಯರನ್ನು ಕೇಳಿದರೆ ಮಾತ್ರ ಅದು ನಿಲ್ಲುವುದಿಲ್ಲ. ಕಾಮಾಲೆಯಾದವನಿಗೆ ಲೋಕ ಹಳದಿಯಾಗಿ ಕಾಣುವುದು ತೀರ ಅಪರೂಪ. ಹಳದಿಯನ್ನು ಕಾಣುವವರು ಅವನ ಎದುರಿಗೆ ನಿಂತವರು. ಅವನ ಕಣ್ಣಿನ ಬಿಳಿಭಾಗವನ್ನು ನೋಡಿ ರೋಗವನ್ನು ಮೊದಲು ಓದುವವರು ಮನೆಯವರೇ. ಆದರೆ ಆ ಓದಿಗೊಂದು ಮಿತಿಯುಂಟು. ರಕ್ತದಲ್ಲಿರುವ ಹಳದಿ ವರ್ಣದ್ರವ್ಯ ಸಹಜ ಮಟ್ಟದ ಎರಡು ಮೂರು ಪಟ್ಟು ಏರುವವರೆಗೆ ಕಣ್ಣಿಗೆ ಏನೂ ತೋರುವುದಿಲ್ಲ. ಯಕೃತ್ತಿನ ಎಷ್ಟೋ ಕಾಯಿಲೆಗಳು ವರ್ಷಗಟ್ಟಲೆ ಹಳದಿಯ ಸುಳಿವನ್ನೇ ಕೊಡದೆ ಬೆಳೆಯುತ್ತವೆ. ಅಲ್ಲಿಂದಾಚೆಗೆ ಓದಬೇಕಾದದ್ದು ಪ್ರಯೋಗಾಲಯ ಕೊಡುವ ಹಾಳೆಯನ್ನು.

ಆ ಹಾಳೆ ರಾಯದುರ್ಗ, ಮಡಕಶಿರ ಕಡೆಯ ಕನ್ನಡ ಮನೆಗಳಿಗೆ ಬರುವಾಗ ಮೂರು ಭಾಷೆಗಳ ಹೊಸ್ತಿಲು ದಾಟಿ ಬರುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಮಡಕಶಿರ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಭಾಗವಾಯಿತು. ಭೂಪಟದಲ್ಲಿ ಅದು ಪಾವಗಡ, ಮಧುಗಿರಿ, ಶಿರಾಗಳ ನಡುವೆ ಚಾಚಿದ ಕೈಯಂತೆ ಕಾಣುತ್ತದೆ. ಡಿ. ಹಿರೇಹಾಳು, ಬೊಮ್ಮನಹಾಳುಗಳಲ್ಲಾಗಲಿ, ಅಮರಾಪುರ, ರೊಳ್ಳ, ಗುಡಿಬಂಡೆ, ಅಗಳಿಗಳಲ್ಲಾಗಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಬಹಳ. ವರದಿ ಅಚ್ಚಾಗುವುದು ಇಂಗ್ಲಿಷಿನಲ್ಲಿ. ಅನಂತಪುರದಲ್ಲೋ ಹಿಂದೂಪುರದಲ್ಲೋ ಅದನ್ನು ವಿವರಿಸುವುದು ತೆಲುಗಿನಲ್ಲಿ. ಮನೆಯ ಹಿರಿಯರಿಗೆ ಅದು ತಿಳಿಯಬೇಕಾದದ್ದು ಕನ್ನಡದಲ್ಲಿ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೇ ಇದ್ದರೆ, ಅವರು ಓದುತ್ತಿರುವುದು ಐಚ್ಛಿಕ ಕನ್ನಡವೇ ಆಗಿದ್ದರೂ, ಹಾಳೆ ಬರುವುದು ಅವರ ಕೈಗೆ. ‘ಏನಂತ ಬರದಾರ, ಓದಿ ಹೇಳಪ’ ಎಂದು ರಾಯದುರ್ಗದ ಕಡೆಯ ಅಜ್ಜಿ ಕೇಳುತ್ತಾಳೆ. ‘ಏನ್ ಬರ್ದವ್ರೆ, ಓದಿ ಹೇಳಮ್ಮ’ ಎಂದು ಮಡಕಶಿರದ ಕಡೆಯ ಅಜ್ಜಿ. ಎರಡು ಪ್ರಶ್ನೆಗಳಿಗೂ ಉತ್ತರ ಕೊಡಬೇಕಾದವರು ವೈದ್ಯರಾಗಬೇಕಾಗಿಲ್ಲ. ಆದರೆ ಆ ಹಾಳೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಬಲ್ಲವರಾಗಿರಬೇಕು.

ಮೊದಲ ತೊಡಕು ಹೆಸರಿನಲ್ಲಿಯೇ ಇದೆ. ಕನ್ನಡದ ಪಠ್ಯಪುಸ್ತಕ ‘ಯಕೃತ್ತು’ ಎನ್ನುತ್ತದೆ, ಕೆಲವೊಮ್ಮೆ ‘ಪಿತ್ತಜನಕಾಂಗ’ ಎನ್ನುತ್ತದೆ. ತೆಲುಗು ವೈದ್ಯರು ‘ಕಾಲೇಯಂ’ ಎನ್ನುತ್ತಾರೆ. ಮಾಂಸದಂಗಡಿಯಲ್ಲಿ ಅದು ‘ಈಲಿ’. ಮನೆಯಲ್ಲಿ ಎಲ್ಲರ ಬಾಯಲ್ಲೂ ‘ಲಿವರು’. ಯಕೃತ್ ಎಂಬ ಸಂಸ್ಕೃತ ಪದ, ಪಾರಸಿಯ ‘ಜಿಗರ್’, ಗ್ರೀಕಿನ ‘ಹೇಪಾರ್’ ಈ ಮೂರೂ ಒಂದೇ ಬೇರಿನ ಕವಲುಗಳು. ಹೆಪಟೈಟಿಸ್ ಎಂಬ ರೋಗನಾಮ ಹುಟ್ಟಿದ್ದು ಆ ಹೇಪಾರ್‌ನಿಂದ. ತೆಲುಗಿನ ಕಾಲೇಯಂ, ಹಿಂದಿಯ ಕಲೇಜಾ, ಮರಾಠಿಯ ಕಾಳೀಜ ಇವು ಸಂಸ್ಕೃತದ ‘ಕಾಲೇಯ’ದ ಸಂತಾನ. ಮರಾಠಿಯಲ್ಲಿ ಕಾಳೀಜ ಎಂದರೆ ಯಕೃತ್ತೂ ಹೌದು, ಹೃದಯವೂ ಹೌದು. ಧೈರ್ಯ ಮಮತೆಗಳ ನೆಲೆಯೂ ಅದೇ. ರೋಗನಾಮದಲ್ಲಿ ಇನ್ನೊಂದು ಎಡವಟ್ಟಿದೆ. ತೆಲುಗಿನ ‘ಪಚ್ಚಕಾಮೆರ್ಲು’ ಕನ್ನಡದ ಮಗುವಿನ ಕಿವಿಗೆ ಹಸಿರು ಕಾಮಾಲೆಯಂತೆ ಕೇಳಿಸುತ್ತದೆ, ಏಕೆಂದರೆ ಕನ್ನಡದ ಪಚ್ಚೆ ಹಸಿರು. ತೆಲುಗಿನ ‘ಪಚ್ಚ’ ಹಸಿರನ್ನೂ ಹಳದಿಯನ್ನೂ ಒಳಗೊಳ್ಳುತ್ತದೆ. ಕಾಮಾಲೆ, ಕಾಮೆರ್ಲು, ಮರಾಠಿಯ ಕಾವೀಳ ಎಲ್ಲವೂ ಒಂದೇ ಹಳದಿ.

ಈ ಅಂಗ ಇರುವುದು ಬಲ ಪಕ್ಕೆಲುಬುಗಳ ಕೆಳಗೆ. ದೊಡ್ಡವರಲ್ಲಿ ಒಂದೂವರೆ ಕಿಲೋಗ್ರಾಂ ತೂಗುತ್ತದೆ. ದೇಹದೊಳಗಿನ ಅಂಗಗಳಲ್ಲಿ ಇದೇ ದೊಡ್ಡದು. ಪಿತ್ತರಸವನ್ನು ಮಾಡುವುದು ಇದರ ಕೆಲಸಗಳಲ್ಲಿ ಒಂದು ಮಾತ್ರ, ಆದ್ದರಿಂದ ‘ಪಿತ್ತಜನಕಾಂಗ’ ಎಂಬ ಹೆಸರು ಇದಕ್ಕೆ ಸಾಲದು. ಉಂಡ ಅನ್ನದ ಸಕ್ಕರೆಯನ್ನು ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ತಯಾರಿಸುವುದು, ಆಲ್ಬುಮಿನ್ ಎಂಬ ಪ್ರೋಟೀನನ್ನು ದಿನವೂ ಹತ್ತು ಗ್ರಾಂಗಿಂತ ಹೆಚ್ಚು ಮಾಡಿ ರಕ್ತಕ್ಕೆ ಬಿಡುವುದು, ಔಷಧಿ ಮದ್ಯಗಳನ್ನು ಕರಗಿಸಿ ಹೊರಹಾಕುವುದು ಇವೆಲ್ಲ ಇದರ ಪಾಲಿನವು. ಇದರ ಒಳಭಾಗಕ್ಕೆ ನೋವು ತಿಳಿಯುವುದಿಲ್ಲ. ಮೇಲಿನ ಪೊರೆ ಹಿಗ್ಗಿದಾಗ ಮಾತ್ರ ಭಾರ, ಸೆಳೆತ. ಅರ್ಧಕ್ಕಿಂತ ಹೆಚ್ಚು ಕತ್ತರಿಸಿ ತೆಗೆದರೂ ಮತ್ತೆ ಬೆಳೆಯುವ ಶಕ್ತಿಯುಳ್ಳದ್ದು. ಇಷ್ಟು ಸಹನೆಯ ಅಂಗವಾದದ್ದರಿಂದಲೇ ಇದು ತನ್ನ ಕಷ್ಟವನ್ನು ತಡವಾಗಿ ಹೇಳಿಕೊಳ್ಳುತ್ತದೆ.

ಹಾಳೆಯ ನೆತ್ತಿಯ ಮೇಲೆ ‘ಲಿವರ್ ಫಂಕ್ಷನ್ ಟೆಸ್ಟ್’ ಎಂದು ಇರುತ್ತದೆ. ಕನ್ನಡಕ್ಕೆ ತಂದರೆ ‘ಯಕೃತ್ತಿನ ಕಾರ್ಯಪರೀಕ್ಷೆ’. ಈ ಶೀರ್ಷಿಕೆಯೇ ಓದುಗನನ್ನು ದಾರಿ ತಪ್ಪಿಸುತ್ತದೆ. ಪಟ್ಟಿಯಲ್ಲಿ ಎಲ್ಲರ ಕಣ್ಣು ಹೋಗುವ ಎರಡು ಸಂಖ್ಯೆಗಳು, ಎಂದರೆ ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ, ಕಾರ್ಯವನ್ನು ಅಳೆಯುವುದೇ ಇಲ್ಲ. ಅವು ಗಾಯವನ್ನು ಅಳೆಯುತ್ತವೆ.

ಅನಂತಪುರದ ಸೀಮೆಗೆ ಪರಿಚಿತವಾದ ಒಂದು ವಸ್ತುವಿನಿಂದ ಇದನ್ನು ತಿಳಿಯಬಹುದು. ರಾಯದುರ್ಗದವರು ಶೇಂಗಾ ಎನ್ನುವ, ಮಡಕಶಿರದವರು ಕಡ್ಲೆಕಾಯಿ ಎನ್ನುವ ಬೆಳೆಯ ಮೂಟೆಗಳು ಗೋದಾಮಿನಲ್ಲಿವೆ ಎಂದುಕೊಳ್ಳೋಣ. ಇಲಿ ಚೀಲಗಳನ್ನು ಕಡಿದಿದೆ. ನೆಲದ ಮೇಲೆ ಚೆಲ್ಲಿದ ಕಾಯಿಗಳನ್ನು ನೋಡಿದರೆ ಈಗ ಎಷ್ಟು ಚೀಲ ಹರಿಯುತ್ತಿದೆ ಎಂದು ತಿಳಿಯುತ್ತದೆ. ಒಳಗೆ ಎಷ್ಟು ದಾಸ್ತಾನು ಉಳಿದಿದೆ ಎಂದು ತಿಳಿಯುವುದಿಲ್ಲ. ನೆಲ ಚೊಕ್ಕಟವಾಗಿದ್ದರೆ ಎರಡು ಅರ್ಥಗಳು ಸಾಧ್ಯ: ಚೀಲಗಳು ಹರಿದಿಲ್ಲ, ಅಥವಾ ಚೀಲಗಳಲ್ಲಿ ಚೆಲ್ಲಲು ಏನೂ ಉಳಿದಿಲ್ಲ. ಯಕೃತ್ತಿನ ಜೀವಕೋಶಗಳು ಆ ಚೀಲಗಳು. ಎಸ್‌ಜಿಒಟಿ, ಎಸ್‌ಜಿಪಿಟಿಗಳು ಕೋಶದೊಳಗೆ ದುಡಿಯುವ ಕಿಣ್ವಗಳು. ಕೋಶ ಹರಿದಾಗ ರಕ್ತಕ್ಕೆ ಚೆಲ್ಲುತ್ತವೆ. ಸಹಜ ಸ್ಥಿತಿಯಲ್ಲಿ ಬಹುಪಾಲು ಪ್ರಯೋಗಾಲಯಗಳು ಎರಡಕ್ಕೂ ಲೀಟರಿಗೆ 40 ಯೂನಿಟ್‌ನ ಆಸುಪಾಸನ್ನು ಮೇಲಿನ ಗಡಿಯಾಗಿ ಇಟ್ಟುಕೊಂಡಿರುತ್ತವೆ.

ಈ ಕಿಣ್ವಗಳ ಕಥೆ ಆರಂಭವಾದದ್ದು ಯಕೃತ್ತಿನಿಂದಲ್ಲ, ಹೃದಯದಿಂದ. 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ವ್ರೋಬ್ಲೆವ್‌ಸ್ಕಿ, ಕಾರ್ಮೆನ್ ಎಂಬ ಸಂಶೋಧಕರು ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಒಟಿ ಏರುವುದನ್ನು ತೋರಿಸಿದರು. ಮರುವರ್ಷವೇ ಯಕೃತ್ತಿನ ರೋಗಗಳಲ್ಲಿ ಅದಕ್ಕಿಂತ ಹೆಚ್ಚು ಏರುವುದು ತಿಳಿಯಿತು. ಎಸ್‌ಜಿಒಟಿ ಹೃದಯ, ಸ್ನಾಯು, ಕೆಂಪು ರಕ್ತಕಣಗಳಲ್ಲಿಯೂ ಇರುತ್ತದೆ. ಹಿಂದಿನ ದಿನ ಹೊಲದಲ್ಲಿ ಮೈಮುರಿಯ ದುಡಿದವನಲ್ಲಿ, ಅಥವಾ ತೆಗೆದ ರಕ್ತದ ಮಾದರಿ ದೂರದ ಪ್ರಯೋಗಾಲಯಕ್ಕೆ ಹೋಗುವ ದಾರಿಯಲ್ಲಿ ಕುಲುಕಿ ಕಣಗಳು ಒಡೆದಾಗ, ಯಕೃತ್ತು ಚೆನ್ನಾಗಿದ್ದರೂ ಈ ಸಂಖ್ಯೆ ಏರಬಹುದು. ಎಸ್‌ಜಿಪಿಟಿ ಮಾತ್ರ ಬಹುಮಟ್ಟಿಗೆ ಯಕೃತ್ತಿನದೇ. ವಿಜ್ಞಾನಿಗಳು ಈಗ ಇವನ್ನು ಎಎಸ್‌ಟಿ, ಎಎಲ್‌ಟಿ ಎಂದು ಕರೆಯುತ್ತಾರೆ. ನಮ್ಮ ಪ್ರಯೋಗಾಲಯಗಳು ಹಳೆಯ ಹೆಸರುಗಳನ್ನು ಬಿಟ್ಟಿಲ್ಲ. ಒಂದು ವರದಿಯಲ್ಲಿ ಎಎಲ್‌ಟಿ, ಇನ್ನೊಂದರಲ್ಲಿ ಎಸ್‌ಜಿಪಿಟಿ ಎಂದಿದ್ದರೆ ಅವು ಬೇರೆ ಬೇರೆ ಪರೀಕ್ಷೆಗಳೆಂದು ಭ್ರಮಿಸಬಾರದು.

ಏರಿಕೆಯ ಪ್ರಮಾಣಕ್ಕೆ ಅರ್ಥವಿದೆ. ವೈರಸ್‌ನಿಂದ ಹಠಾತ್ತಾಗಿ ಬರುವ ಯಕೃತ್ತಿನ ಉರಿಯೂತದಲ್ಲಿ ಸಂಖ್ಯೆ ಸಾವಿರವನ್ನು ದಾಟುವುದು ಸಾಮಾನ್ಯ. ಕೊಬ್ಬು ಕಟ್ಟಿದ ಯಕೃತ್ತಿನಲ್ಲಿ ಅರುವತ್ತು, ಎಂಬತ್ತು, ನೂರು, ಹೀಗೆ ಮೆಲ್ಲನೆ ಇರುತ್ತದೆ. ಎಷ್ಟೋ ಸಲ ಸಹಜವಾಗಿಯೇ ಇರುತ್ತದೆ. ಎರಡು ಕಿಣ್ವಗಳ ಅನುಪಾತವೂ ಮಾತನಾಡುತ್ತದೆ. ಇಟಲಿಯ ಡಿ ರಿಟಿಸ್ 1957ರಲ್ಲಿ ಗಮನಕ್ಕೆ ತಂದ ಈ ಅನುಪಾತ ಇಂದಿಗೂ ಅವನ ಹೆಸರಿನಲ್ಲಿದೆ. ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡು ಪಟ್ಟು ಅಥವಾ ಹೆಚ್ಚಾಗಿದ್ದು, ಎರಡೂ ಮುನ್ನೂರರ ಒಳಗೇ ಇದ್ದರೆ ವೈದ್ಯರು ಕುಡಿತದ ಬಗ್ಗೆ ಕೇಳುತ್ತಾರೆ. ರೋಗಿ ‘ಹಬ್ಬಕ್ಕೆ ಒಂದು ಸಲ’ ಎನ್ನುತ್ತಾನೆ; ಅನುಪಾತ ಬೇರೆಯದನ್ನು ಹೇಳುತ್ತಿರುತ್ತದೆ. ಹಾಗೆಂದು ಈ ಸಂಖ್ಯೆಯೊಂದನ್ನೇ ಹಿಡಿದು ಯಾರನ್ನೂ ಕುಡುಕನೆಂದು ನಿರ್ಣಯಿಸಲಾಗದು. ಬೇರೆ ಕಾರಣದ ಸಿರೋಸಿಸ್‌ನಲ್ಲಿಯೂ, ಸ್ನಾಯುವಿನ ಗಾಯದಲ್ಲಿಯೂ ಎಸ್‌ಜಿಒಟಿ ಮುಂದಾಗುತ್ತದೆ.

ಇನ್ನು ಬಿಲಿರುಬಿನ್. ಲ್ಯಾಟಿನ್ನಿನಲ್ಲಿ ಬಿಲಿಸ್ ಎಂದರೆ ಪಿತ್ತ, ರೂಬರ್ ಎಂದರೆ ಕೆಂಪು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಸತ್ತ ಕಣದ ಕೆಂಪು ಮೊದಲು ಹಸಿರಾಗಿ, ಆಮೇಲೆ ಹಳದಿಯಾಗಿ ಒಡೆಯುತ್ತದೆ. ಪೆಟ್ಟು ಬಿದ್ದು ಕಂದಿದ ಚರ್ಮ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುವುದನ್ನು ನೋಡಿದವರೆಲ್ಲ ಈ ರಸಾಯನವನ್ನು ಕಣ್ಣಾರೆ ನೋಡಿದ್ದಾರೆ. ಈ ಹಳದಿ ನೀರಿನಲ್ಲಿ ಕರಗದು. ಯಕೃತ್ತು ಅದನ್ನು ಕರಗುವಂತೆ ಮಾಡಿ ಪಿತ್ತರಸದ ಜೊತೆ ಕರುಳಿಗೆ ಕಳುಹಿಸುತ್ತದೆ.

ವರದಿಯಲ್ಲಿ ಬಿಲಿರುಬಿನ್ನಿನ ಸಾಲು ಮೂರಾಗಿ ಒಡೆದಿರುತ್ತದೆ: ಒಟ್ಟು, ಡೈರೆಕ್ಟ್, ಇನ್‌ಡೈರೆಕ್ಟ್. ‘ನೇರ’, ‘ಪರೋಕ್ಷ’ ಎಂದು ಅನುವಾದಿಸಿದರೆ ಅರ್ಥ ಹೊಳೆಯುವುದಿಲ್ಲ; ಏಕೆಂದರೆ ಈ ವಿಶೇಷಣಗಳು ದೇಹಕ್ಕೆ ಸೇರಿದವಲ್ಲ, ಗಾಜಿನ ನಳಿಕೆಗೆ ಸೇರಿದವು. 1916ರಲ್ಲಿ ಡಚ್ ವೈದ್ಯ ವಾನ್ ಡೆನ್ ಬರ್ಗ್ ಮತ್ತು ಅವನ ಸಹೋದ್ಯೋಗಿ ಮ್ಯುಲರ್, ಕೆಲವು ಮಾದರಿಗಳು ಪರೀಕ್ಷಾದ್ರಾವಣ ಹಾಕಿದೊಡನೆ ನೇರವಾಗಿ ಬಣ್ಣ ಕೊಡುವುದನ್ನೂ, ಬೇರೆ ಕೆಲವು ಆಲ್ಕೋಹಾಲ್ ಬೆರೆಸಿದ ಮೇಲೆ ಮಾತ್ರ ಬಣ್ಣ ಕೊಡುವುದನ್ನೂ ಕಂಡರು. ಯಕೃತ್ತು ಆಗಲೇ ಕರಗುವಂತೆ ಮಾಡಿದ ಭಾಗ ‘ನೇರ’. ಯಕೃತ್ತಿನ ಕೈಗೆ ಇನ್ನೂ ಸಿಗದ ಭಾಗ ‘ಪರೋಕ್ಷ’. ಒಟ್ಟು ಸಾಮಾನ್ಯವಾಗಿ ಡೆಸಿಲೀಟರಿಗೆ 1.2 ಮಿಲಿಗ್ರಾಂ ಒಳಗೆ, ನೇರವು 0.3ರ ಒಳಗೆ ಇರಬೇಕು. ಪರೋಕ್ಷ ಮಾತ್ರ ಏರಿದ್ದರೆ ಕಣಗಳು ಹೆಚ್ಚಾಗಿ ಒಡೆಯುತ್ತಿವೆಯೆ ಎಂದು ನೋಡಬೇಕು. ಅದೂ ಇಲ್ಲದೆ, ಉಳಿದದ್ದೆಲ್ಲ ಸಹಜವಾಗಿದ್ದು, ಏಕಾದಶಿಯ ಉಪವಾಸದ ಮರುದಿನ ತೆಗೆಸಿದ ರಕ್ತದಲ್ಲಿ ಒಟ್ಟು ಎರಡರ ಹತ್ತಿರ ಬಂದಿದ್ದರೆ ಅದು ಬಹುಶಃ ಗಿಲ್ಬರ್ಟ್ ಲಕ್ಷಣ. ಹುಟ್ಟಿನಿಂದ ಬಂದ, ಸಮಾಜದಲ್ಲಿ ನೂರಕ್ಕೆ ಐದಾರು ಮಂದಿಗೆ ಇರಬಹುದಾದ, ಔಷಧಿಯೇ ಬೇಡದ ಸ್ಥಿತಿ ಅದು. ನೇರ ಬಿಲಿರುಬಿನ್ ಏರಿದಾಗಿನ ಕಥೆ ಬೇರೆ. ಅದು ನೀರಿನಲ್ಲಿ ಕರಗುವುದರಿಂದ ಮೂತ್ರಕ್ಕೆ ಇಳಿಯುತ್ತದೆ. ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗುತ್ತದೆ. ಪಿತ್ತದ ಹರಿವು ಕಟ್ಟಿದ್ದರೆ ಮಲ ಬಿಳಿಚುತ್ತದೆ, ಮೈ ತುರಿಸುತ್ತದೆ. ವರದಿ ಬರುವ ಮೊದಲೇ ಮನೆಯವರು ಓದಬಲ್ಲ ಸಾಲುಗಳಿವು.

ಆಲ್ಕಲೈನ್ ಫಾಸ್ಫಟೇಸ್ ಎಂಬ ಸಾಲು ಪಿತ್ತನಾಳದ ಕಟ್ಟನ್ನು ಸೂಚಿಸುತ್ತದೆ. ಇದು ಮೂಳೆಯಿಂದಲೂ ಬರುವುದರಿಂದ ಬೆಳೆಯುವ ಮಕ್ಕಳಲ್ಲಿ, ಹದಿಹರೆಯದವರಲ್ಲಿ, ಮಾಸುವಿನಿಂದಾಗಿ ತುಂಬು ಗರ್ಭಿಣಿಯರಲ್ಲಿ ಸಹಜವಾಗಿಯೇ ಹೆಚ್ಚಿರುತ್ತದೆ. ಮನೆಯ ಚಿಕ್ಕ ತಮ್ಮನ ವರದಿಯಲ್ಲಿ ಈ ಒಂದು ಸಂಖ್ಯೆ ದಪ್ಪಕ್ಷರದಲ್ಲಿದ್ದರೆ ಗಾಬರಿ ಬೇಡ. ಗಾಮಾ ಜಿಟಿ ಎಂಬ ಇನ್ನೊಂದು ಪರೀಕ್ಷೆ ಮೂಲ ಯಾವುದೆಂದು ಬಿಡಿಸುತ್ತದೆ.

ದಾಸ್ತಾನನ್ನು, ಎಂದರೆ ನಿಜವಾದ ಕಾರ್ಯವನ್ನು ಅಳೆಯುವ ಸಾಲುಗಳು ಪಟ್ಟಿಯ ಕೊನೆಗೆ ಬರುತ್ತವೆ. ಕೆಲವೊಮ್ಮೆ ಬರುವುದೇ ಇಲ್ಲ. ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಮೇಲಿರಬೇಕು. ರಕ್ತದಲ್ಲಿ ಅದರ ಅರ್ಧಾಯು ಸುಮಾರು ಇಪ್ಪತ್ತು ದಿನ. ಆದ್ದರಿಂದ ಇಂದಿನ ಹಾನಿ ಅದರಲ್ಲಿ ಕಾಣಲು ವಾರಗಳು ಬೇಕು. ಹೊಟ್ಟೆಗಿಲ್ಲದವರಲ್ಲಿ, ಮೂತ್ರಪಿಂಡದ ಕಾಯಿಲೆಯವರಲ್ಲಿ ಅದು ಬೇರೆ ಕಾರಣದಿಂದ ಇಳಿಯುತ್ತದೆ ಎಂಬುದನ್ನೂ ನೆನಪಿಡಬೇಕು. ದಿನದಿಂದ ದಿನಕ್ಕೆ ಯಕೃತ್ತಿನ ಬಲವನ್ನು ತಿಳಿಸುವುದು ಪ್ರೋಥ್ರಾಂಬಿನ್ ಟೈಮ್ ಎಂಬ ಬೇರೆ ಪರೀಕ್ಷೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಐಎನ್‌ಆರ್ ಎಂಬ ಸಂಖ್ಯೆಯಲ್ಲಿ ಬರೆಯುತ್ತಾರೆ. ಅದು ಒಂದರ ಆಸುಪಾಸಿನಲ್ಲಿರಬೇಕು. ಇದು ಸಾಮಾನ್ಯ ಪಟ್ಟಿಯಲ್ಲಿ ಸೇರಿರುವುದಿಲ್ಲ, ಬೇರೆಯಾಗಿ ಕೇಳಿ ಮಾಡಿಸಬೇಕಾಗುತ್ತದೆ.

ಇದು ತಿಳಿದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಪ್ರಸಂಗವನ್ನು ನೋಡೋಣ. ನಲವತ್ತೈದರ ಒಬ್ಬ ರೈತನಿಗೆ ಕಾಮಾಲೆಯಾಗಿದೆ. ಮೊದಲ ವರದಿಯಲ್ಲಿ ಬಿಲಿರುಬಿನ್ 4.2, ಎಸ್‌ಜಿಪಿಟಿ 1,900. ಒಂದು ವಾರದ ನಂತರ ಎಸ್‌ಜಿಪಿಟಿ 420. ಸಾವಿರದ ಒಂಬೈನೂರು ನಾನೂರಿಪ್ಪತ್ತಾಯಿತೆಂದು ಮನೆಯಲ್ಲಿ ಸಂತೋಷ. ಊಟ ಬೇಡವೆಂದು ಹಗಲೆಲ್ಲ ಮಲಗಿರುವುದನ್ನು ನಿಶ್ಶಕ್ತಿ ಎಂದುಕೊಳ್ಳುತ್ತಾರೆ. ಆದರೆ ಅದೇ ಹಾಳೆಯ ಮೇಲಿನ ಸಾಲಿನಲ್ಲಿ ಬಿಲಿರುಬಿನ್ 11.6 ಆಗಿದೆ. ಐಎನ್‌ಆರ್ ಮಾಡಿಸಿದ್ದರೆ 2.3 ಎಂದು ಬರುತ್ತಿತ್ತು. ಇಲ್ಲಿ ಕಿಣ್ವ ಇಳಿದದ್ದು ಚೀಲಗಳನ್ನು ಹೊಲಿದದ್ದರಿಂದಲ್ಲ, ಚೀಲಗಳು ಬರಿದಾಗುತ್ತಿರುವುದರಿಂದ. ಐಎನ್‌ಆರ್ ಒಂದೂವರೆ ದಾಟಿ, ರೋಗಿ ಮಂಕಾಗಿ ಮಾತು ತಡವರಿಸಿದರೆ ಅದು ಯಕೃತ್ತಿನ ತೀವ್ರ ವೈಫಲ್ಯ. ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ನಿಜವಾಗಿ ಗುಣವಾಗುತ್ತಿರುವವನಲ್ಲಿ ಎಸ್‌ಜಿಪಿಟಿ ಇಳಿಯುತ್ತದೆ, ಬಿಲಿರುಬಿನ್ ಕೆಲ ದಿನ ತಡವಾಗಿಯಾದರೂ ಅದರ ಹಿಂದೆಯೇ ಇಳಿಯುತ್ತದೆ, ಐಎನ್‌ಆರ್ ಒಂದರ ಬಳಿ ನಿಲ್ಲುತ್ತದೆ, ಹಸಿವು ಮರಳುತ್ತದೆ. ಒಂದೇ ಸಂಖ್ಯೆ, ಎರಡು ಅರ್ಥ. ಅಕ್ಕಪಕ್ಕದ ಸಾಲುಗಳನ್ನು ಬಿಟ್ಟು ಓದಿದವರಿಗೆ ಯಾವುದೆಂದು ಗೊತ್ತಾಗುವುದಿಲ್ಲ. ಪದ್ಯದ ಒಂದು ಶಬ್ದವನ್ನು ಮಾತ್ರ ಎತ್ತಿಕೊಂಡು ಭಾವಾರ್ಥ ಬರೆದ ಉತ್ತರಪತ್ರಿಕೆಗೆ ಅಂಕ ಬೀಳದಿರುವುದು ಐಚ್ಛಿಕ ಕನ್ನಡದವರಿಗೆ ಹೊಸ ವಿಷಯವಲ್ಲ.

ಇದರ ತಿರುವುಮುರುವು ಕೂಡ ಉಂಟು. ಐವತ್ತೆಂಟರ ಒಬ್ಬರ ವರದಿಯಲ್ಲಿ ಎಸ್‌ಜಿಒಟಿ 38, ಎಸ್‌ಜಿಪಿಟಿ 22. ಎರಡಕ್ಕೂ ಗುರುತು ಬಿದ್ದಿಲ್ಲ. ಆದರೆ ಆಲ್ಬುಮಿನ್ 2.6, ಪ್ಲೇಟ್‌ಲೆಟ್ ಎಪ್ಪತ್ತು ಸಾವಿರ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಆ ಗುಣಲಬ್ಧವನ್ನು ಸಾವಿರಗಳಲ್ಲಿ ಬರೆದ ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಸ್‌ಜಿಪಿಟಿಯ ವರ್ಗಮೂಲಗಳ ಗುಣಲಬ್ಧದಿಂದ ಭಾಗಿಸುವ ಒಂದು ಸೂತ್ರವಿದೆ. ಫಿಬ್-4 ಎಂದು ಅದರ ಹೆಸರು. 58ನ್ನು 38ರಿಂದ ಗುಣಿಸಿದರೆ 2,204. 22ರ ವರ್ಗಮೂಲ 4.69, ಅದನ್ನು 70ರಿಂದ ಗುಣಿಸಿದರೆ 328. ಭಾಗಿಸಿದಾಗ 6.7. ಫಲ 1.3ಕ್ಕಿಂತ ಕಡಿಮೆಯಾದರೆ ಯಕೃತ್ತು ನಾರುಗಟ್ಟಿರುವ ಸಂಭವ ಕಡಿಮೆ, 2.67 ದಾಟಿದರೆ ಹೆಚ್ಚು. ಗುರುತೇ ಇಲ್ಲದ ಎರಡು ಸಂಖ್ಯೆಗಳ ಒಳಗೆ ಸಿರೋಸಿಸ್ ಕುಳಿತಿರಬಹುದು. ಮೂವತ್ತೈದರ ಒಳಗಿನವರಿಗೂ ಹಠಾತ್ ಕಾಮಾಲೆಯಲ್ಲಿ ಇರುವವರಿಗೂ ಈ ಸೂತ್ರ ಒಗ್ಗುವುದಿಲ್ಲ.

‘ಸಹಜ ಮಿತಿ’ ಎಂಬ ಕಂಬಸಾಲಿನ ಬಗ್ಗೆಯೂ ಒಂದು ಮಾತು ಅಗತ್ಯ. ಆರೋಗ್ಯವಂತರ ಒಂದು ಗುಂಪನ್ನು ಪರೀಕ್ಷಿಸಿ, ನಡುವಿನ ನೂರಕ್ಕೆ ತೊಂಬತ್ತೈದು ಮಂದಿಯ ಫಲಿತಾಂಶ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅದನ್ನು ಮಿತಿ ಎಂದು ಕರೆಯುವುದು ವಾಡಿಕೆ. ಅಂದರೆ ಆರೋಗ್ಯವಂತರಲ್ಲಿಯೇ ನೂರಕ್ಕೆ ಐವರು ಗಡಿಯ ಹೊರಗಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಪೂರ್ಣ ಆರೋಗ್ಯವಂತನಿಗೂ ಎಲ್ಲಾದರೊಂದು ಕಡೆ ದಪ್ಪಕ್ಷರ ಬೀಳುವ ಸಂಭವ ನೂರಕ್ಕೆ ನಲವತ್ತು. ‘ಪೂರ್ಣ ದೇಹ ತಪಾಸಣೆ’ ಎಂದು ರಿಯಾಯಿತಿ ದರದಲ್ಲಿ ಮಾರುವ ಪಟ್ಟಿಗಳು ಮನೆಮನೆಗೆ ಹಂಚುವ ಆತಂಕದಲ್ಲಿ ಒಂದಷ್ಟು ಈ ಗಣಿತದ್ದೇ.

ಕಾರಣಗಳಿಗೆ ಬಂದರೆ, ಕಾಮಾಲೆ ಎಂಬುದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಕೊಳಚೆ ಸೇರಿದ ನೀರಿನಿಂದ ಬರುತ್ತವೆ. 1955–56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿಯ ನೀರು ಬೆರೆತಾಗ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ಅದಕ್ಕೆ ಕಾರಣ ಇ ವೈರಸ್ ಎಂಬುದು ತಿಳಿದದ್ದು ದಶಕಗಳ ನಂತರ. ಈ ಎರಡು ಬಗೆಗಳು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಮುಂಗೈಗೆ ಬರೆ ಹಾಕಿಸಿಕೊಂಡವರೂ, ದಾರ ಕಟ್ಟಿಸಿಕೊಂಡವರೂ, ನೆಲನೆಲ್ಲಿಯ ರಸ ಕುಡಿದವರೂ, ಏನೂ ಮಾಡದವರೂ ಒಂದೇ ಪ್ರಮಾಣದಲ್ಲಿ ಚೇತರಿಸಿಕೊಳ್ಳುವುದು ಇದರಿಂದಲೇ. ಹಳ್ಳಿಯ ನಂಬಿಕೆಗೆ ಅನುಭವದ ಆಧಾರವಿಲ್ಲವೆಂದು ನಗುವುದು ಸರಿಯಲ್ಲ. ಆಧಾರವಿದೆ, ಹೋಲಿಕೆ ಇಲ್ಲ. ತೊಂದರೆ ಬರುವುದು ತಾನಾಗಿ ಗುಣವಾಗದ ಕಾಮಾಲೆಯಲ್ಲಿ: ಪಿತ್ತನಾಳದ ಕಲ್ಲು, ಗಡ್ಡೆ, ಕ್ಷಯದ ಮಾತ್ರೆಗಳಿಂದಾದ ಹಾನಿ. ಅಲ್ಲಿ ಬರೆಯ ಗಾಯ ಮಾಯುವವರೆಗೆ ಕಾದದ್ದೇ ನಷ್ಟ. ಸಸ್ಯಮೂಲದ್ದೆಲ್ಲ ನಿರುಪದ್ರವಿ ಎಂಬುದೂ ನಿಲ್ಲದ ಮಾತು. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ಕುಡಿಯುತ್ತಿದ್ದ ಕೆಲವರಲ್ಲಿ ಯಕೃತ್ತಿನ ಹಾನಿಯನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಏನನ್ನು ಸೇವಿಸುತ್ತಿದ್ದರೂ ವೈದ್ಯರಿಗೆ ಹೇಳುವುದು ಲೇಸು.

ಗರ್ಭಿಣಿಯ ಕಾಮಾಲೆಯನ್ನು ಮಾತ್ರ ಈ ಸಾಮಾನ್ಯ ಲೆಕ್ಕದಿಂದ ಹೊರಗಿಡಬೇಕು. ಇ ವೈರಸ್ ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ಜೀವಕ್ಕೆ ಎರವಾಗಬಲ್ಲದು. ಬಸುರಿಯ ಕಣ್ಣು ಹಳದಿಯಾದರೆ ವರದಿಗೂ ಕಾಯದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಅನಂತಪುರದ ನೆಲಕ್ಕೆ ಹತ್ತಿರವಾದ ಇನ್ನೊಂದು ಕಾರಣವಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಸಿಕ್ಕಿತು. ಆ ಹೆಸರಿನ ತುಣುಕುಗಳನ್ನು ಕೂಡಿಸಿ ಅದರ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡವರಿಗೆ ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಸ್ವಲ್ಪಸ್ವಲ್ಪವಾಗಿ ಬಹುಕಾಲ ಹೊಟ್ಟೆಗೆ ಹೋದರೆ ಈ ವಿಷ ಯಕೃತ್ತಿನ ಕ್ಯಾನ್ಸರಿಗೆ ದಾರಿ; ಹೆಪಟೈಟಿಸ್ ಬಿ ಇದ್ದವರಲ್ಲಿ ಆ ಅಪಾಯ ಹಲವು ಪಟ್ಟು. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಮಾರಾಟಕ್ಕೆ ಒಳ್ಳೆಯದನ್ನು ಆರಿಸಿ, ಸುಕ್ಕಿದ್ದು ಕಪ್ಪಾದದ್ದನ್ನು ‘ಮನೆಗೆ ಸಾಕು’ ಎಂದು ಇಟ್ಟುಕೊಳ್ಳುವ ರೈತರ ಉಳಿತಾಯ ಇಲ್ಲಿ ದುಬಾರಿ. ಈ ವಿಷಕ್ಕೆಂದು ಯಕೃತ್ತಿನ ಪಟ್ಟಿಯಲ್ಲಿ ಪ್ರತ್ಯೇಕ ಸಾಲಿಲ್ಲ ಎಂಬುದೂ ಗಮನಿಸಬೇಕಾದದ್ದು.

ಹೆಪಟೈಟಿಸ್ ಬಿ, ಸಿ ರಕ್ತದಿಂದ ರಕ್ತಕ್ಕೆ ಬರುವಂಥವು: ಶುದ್ಧಗೊಳಿಸದ ಸೂಜಿ, ಕ್ಷೌರದ ಬ್ಲೇಡು, ಹಚ್ಚೆ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಇವು ದಶಕಗಳ ಕಾಲ ಕಿಣ್ವಗಳನ್ನು ಹೆಚ್ಚು ಏರಿಸದೆ ಇರಬಲ್ಲವು. ಆದ್ದರಿಂದ ಯಕೃತ್ತಿನ ಪಟ್ಟಿ ಸಹಜವಾಗಿದೆ ಎಂದಮಾತ್ರಕ್ಕೆ ಇವು ಇಲ್ಲವೆಂದಲ್ಲ. ಇವುಗಳಿಗೆ ಬೇರೆ ಪರೀಕ್ಷೆಗಳಿವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಮನೆಯ ಓದುಗನು ಮಾಡಬಹುದಾದ ಕೆಲಸ ಇಷ್ಟು. ಹಳೆಯ ವರದಿಗಳನ್ನು ಎಸೆಯದೆ ದಿನಾಂಕದ ಕ್ರಮದಲ್ಲಿ ಜೋಡಿಸಿ ಇಟ್ಟುಕೊಳ್ಳಬೇಕು. ರಾಯದುರ್ಗದಿಂದ ಬಳ್ಳಾರಿಗೆ, ಮಡಕಶಿರದಿಂದ ತುಮಕೂರಿಗೆ ಹೋದಾಗ ಹೊಸ ವೈದ್ಯರಿಗೆ ಒಂದು ಸಂಖ್ಯೆಗಿಂತ ಸಂಖ್ಯೆಗಳ ಸರಣಿ ಹೆಚ್ಚು ಹೇಳುತ್ತದೆ. ನಡೆಯುತ್ತಿರುವ ಮಾತ್ರೆಗಳ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಸಂಖ್ಯೆ ಏರಿದೆ ಎಂದು ಕ್ಷಯದ ಮಾತ್ರೆಯನ್ನು ತಾವೇ ನಿಲ್ಲಿಸಬಾರದು; ಆದರೆ ವಾಂತಿ, ಹಳದಿ ಕಂಡರೆ ಅದೇ ದಿನ ಕೇಳಬೇಕು. ಐಎನ್‌ಆರ್ ಬೇಕೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕೊನೆಗೆ ಅನುವಾದದ ಒಂದು ಸೂಕ್ಷ್ಮ. ಬಿ ಮತ್ತು ಸಿ ಪರೀಕ್ಷೆಯ ಸಾಲಿನಲ್ಲಿ ‘ನೆಗೆಟಿವ್’ ಅಥವಾ ‘ನಾನ್-ರಿಯಾಕ್ಟಿವ್’ ಎಂದಿರುತ್ತದೆ. ಅದನ್ನು ‘ನೆಗೆಟಿವ್ ಬಂದಿದೆ’ ಎಂದು ಹಾಗೆಯೇ ಓದಿದರೆ, ಅಜ್ಜಿಯ ಕಿವಿಗೆ ಅದು ಏನೋ ಕೆಟ್ಟದ್ದು ಬಂದಂತೆ ಕೇಳಿಸುತ್ತದೆ. ‘ನಕಾರಾತ್ಮಕ’ ಎಂದು ಕನ್ನಡಿಸಿದರೆ ಭಯ ಇನ್ನೂ ಹೆಚ್ಚುತ್ತದೆ. ‘ಪಾಸಿಟಿವ್’ ಎಂದರೆ ಒಳ್ಳೆಯದೆಂದು ಸಮಾಧಾನಪಟ್ಟುಕೊಂಡವರೂ ಉಂಟು. ಅಲ್ಲಿ ಹೇಳಬೇಕಾದ ಕನ್ನಡ ಎರಡೇ ಶಬ್ದಗಳದು: ‘ವೈರಸ್ ಕಂಡಿಲ್ಲ’. ಎಸ್‌ಜಿಪಿಟಿ 62 ಇದ್ದರೆ ‘ಲಿವರ್ ಕೆಟ್ಟಿದೆ’ ಎಂದಲ್ಲ, ‘ಸ್ವಲ್ಪ ಏರಿದೆ, ಮತ್ತೊಮ್ಮೆ ನೋಡಬೇಕಂತೆ’ ಎಂದು. ಐಎನ್‌ಆರ್ 2.3 ಇದ್ದು ಅಪ್ಪ ಹಗಲೆಲ್ಲ ಮಂಪರಿನಲ್ಲಿದ್ದರೆ ಯಾವ ಅನುವಾದವೂ ಬೇಡ, ಗಾಡಿ ಕರೆಸಬೇಕು.